ಹಳೆಯ ಸ್ಟೇಪ್ಲರಿಗೆ ಪಿನ್ನು ಹುಡುಕುವವರು ಮೊದಲು ಅಳೆಯಬೇಕಾದದ್ದು

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ದಶಕಗಳ ಕಾಲ ಲೆಕ್ಕಪತ್ರದ ಕೆಲಸ ಮಾಡಿದ ನನ್ನ ಸೋದರಮಾವ ಹಳೆಯ ಸ್ಟೇಪ್ಲರ್‌ಗಳನ್ನು ಕೂಡಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಪೆಟ್ಟಿಗೆ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಹಾಚ್‌ಕಿಸ್ ನಂ. 1, ಬೇಟ್ಸ್ ಮಾಡೆಲ್ ಬಿ, ಬಾಸ್ಟಿಚ್ ಬಿ8, ಇಕ್ಕಳದಂತಿರುವ ಏಸ್ ಕ್ಲಿಪ್ಪರ್, ಸ್ವಿಂಗ್‌ಲೈನ್ ಕಂಪನಿಯವು ಎರಡು ಮತ್ತು ಬೆಂಗಳೂರಿನಿಂದ ತಂದ ಪುಟ್ಟ ಸ್ಟೇಪ್ಲರ್ ಒಂದು ಇವೆ. ಅಂಗಡಿಯಿಂದ ತಂದ ಪಿನ್ನು ಒಂದರಲ್ಲಿ ಸರಾಗವಾಗಿ ಓಡಿತು, ಇನ್ನೊಂದರಲ್ಲಿ ಸಿಕ್ಕಿಕೊಂಡು ಕೂತಿತು, ಉಳಿದವುಗಳಿಗೆ ಹಾಕಲು ಧೈರ್ಯವಾಗಲಿಲ್ಲ. ಇವುಗಳಿಗೆ ಸರಿಹೊಂದುವ ಪಿನ್ನು ಈಗಲೂ ಸಿಗುತ್ತದೆಯೇ? ಎಲ್ಲಿ?

ಉತ್ತರ: ಹೆಚ್ಚಿನವಕ್ಕೆ ಸಿಗುತ್ತದೆ. ನೀವು ಹೇಳಿದ ಏಳರಲ್ಲಿ ನಾಲ್ಕಕ್ಕೆ ಹೊಸ ಪಿನ್ನನ್ನೇ ಕೊಳ್ಳಬಹುದು. ಒಂದಕ್ಕೆ ಹಳೆಯ ಡಬ್ಬಿ ಹುಡುಕಬೇಕು. ಒಂದಕ್ಕೆ ಪಿನ್ನೇ ಬೇಡ, ತಂತಿ ಸಾಕು. ಹಾಚ್‌ಕಿಸ್ ಒಂದೇ ನಿಮ್ಮನ್ನು ಸತಾಯಿಸುವುದು. ಆದರೆ ಅಂಗಡಿಗೆ ಹೊರಡುವ ಮೊದಲು ಒಂದು ವರ್ನಿಯರ್ ಕ್ಯಾಲಿಪರ್, ಅಂದರೆ ಸೂಕ್ಷ್ಮ ಅಳತೆಯ ಸಾಧನ, ಕೊಳ್ಳಿ. ಹಳೆಯ ಸ್ಟೇಪ್ಲರಿನ ಮೇಲೆ ಕೊರೆದಿರುವ ಕಂಪನಿಯ ಹೆಸರು ಅದರ ವಯಸ್ಸನ್ನು, ಊರನ್ನು ಹೇಳೀತು. ಯಾವ ಪಿನ್ನು ಹಿಡಿಯುತ್ತದೆ ಎಂಬುದನ್ನು ಎಷ್ಟೋ ಸಲ ಅದು ಹೇಳುವುದಿಲ್ಲ. ಒಂದೇ ಕಂಪನಿ ನಾಲ್ಕಾರು ಅಳತೆಯ ಪಿನ್ನು ಮಾರುತ್ತಿತ್ತು. ಗಿರಾಕಿ ತನ್ನ ಪಿನ್ನಿಗೇ ಅಂಟಿಕೊಂಡಿರಲಿ ಎಂದು ಬೇಕೆಂದೇ ಅಳತೆಯನ್ನು ಕೂದಲೆಳೆಯಷ್ಟು ಬೇರೆ ಮಾಡಿದವರೂ ಇದ್ದರು. ಲಾಭವಿದ್ದದ್ದು ಯಂತ್ರ ಮಾರುವುದರಲ್ಲಿ ಅಷ್ಟಾಗಿ ಅಲ್ಲ, ತಿಂಗಳು ತಿಂಗಳೂ ಪಿನ್ನು ಮಾರುವುದರಲ್ಲಿ.

ಪಿನ್ನಿನಲ್ಲಿ ನೋಡಬೇಕಾದದ್ದು ಮೂರು ಅಳತೆ: ನೆತ್ತಿಯ (ಎರಡು ಕಾಲುಗಳನ್ನು ಕೂಡಿಸುವ ಅಡ್ಡ ಭಾಗದ) ಅಗಲ, ಕಾಲಿನ ಉದ್ದ, ತಂತಿಯ ದಪ್ಪ. ಡಬ್ಬಿಯ ಮೇಲೆ 24/6 ಎಂದಿದ್ದರೆ 24 ಎನ್ನುವುದು ತಂತಿಯ ಗೇಜು, ಅಂದರೆ ದಪ್ಪ ಸೂಚಿಸುವ ಸಂಖ್ಯೆ, 6 ಎನ್ನುವುದು ಕಾಲಿನ ಉದ್ದ, ಮಿಲಿಮೀಟರಿನಲ್ಲಿ. ಗೇಜಿನ ಸಂಖ್ಯೆ ಏರಿದಂತೆ ತಂತಿ ತೆಳುವಾಗುತ್ತದೆ. 24ರ ತಂತಿ ಸುಮಾರು ಅರ್ಧ ಮಿಲಿಮೀಟರ್, 26ರದ್ದು ಸುಮಾರು 0.4 ಮಿಲಿಮೀಟರ್. ಎರಡರ ನೆತ್ತಿಯೂ ಹತ್ತಿರ ಹತ್ತಿರ 13 ಮಿಲಿಮೀಟರ್. ಅಮೆರಿಕದಲ್ಲಿ ಮಾಮೂಲಿ ಪಿನ್ನು ಎಂದು ಮಾರುವುದು ಅರ್ಧ ಇಂಚು ನೆತ್ತಿ, ಕಾಲು ಇಂಚು ಉದ್ದದ ಕಾಲಿನದು. ಅದು 26/6ರ ಹತ್ತಿರದ ನೆಂಟ. ಸಾಲಾಗಿ ಅಂಟಿಸಿದ ಅದರ ಪೂರ್ತಿ ಪಟ್ಟಿಯಲ್ಲಿ 210 ಪಿನ್ನು, ಅರ್ಧ ಪಟ್ಟಿಯಲ್ಲಿ 105. ನಮ್ಮೂರಿನ ಡಬ್ಬಿಗಳಲ್ಲಿರುವುದು 50ರ ತುಂಡುಗಳು.

ಈ ಮೂರರಲ್ಲಿ ಜನ ಅಳೆಯುವುದು ನೆತ್ತಿಯನ್ನು. ಸ್ಟೇಪ್ಲರಿನೊಳಗೆ ಪಟ್ಟಿ ಕೂರುವ ಹಳಿಯ ಮೇಲೆ ಕೂತರೆ ಸಾಕು, ಹೊಂದಿತು ಎಂದುಕೊಳ್ಳುತ್ತಾರೆ. ಆದರೆ ತಂಟೆ ಮಾಡುವುದು ದಪ್ಪ. ಸ್ಟೇಪ್ಲರಿನ ಮೂತಿಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಮೇಲಿನಿಂದ ಕೆಳಗೆ ಇಳಿಯುವ ಒಂದು ಉಕ್ಕಿನ ಅಲಗು ಕಾಣುತ್ತದೆ. ಪಟ್ಟಿಯ ತುದಿಯ ಒಂದೇ ಪಿನ್ನನ್ನು ಹಿಂದಿನದರಿಂದ ಸೀಳಿ ಕೆಳಕ್ಕೆ ದೂಡುವುದು ಅದರ ಕೆಲಸ. ಅಲಗಿಗೂ ಮೂತಿಯ ಗೋಡೆಗೂ ನಡುವೆ ಒಂದು ಪಿನ್ನು ಮಾತ್ರ ಇಳಿಯುವಷ್ಟು ಸಂದು. ಅಲಗು ದಪ್ಪವಾಗಿದ್ದು ತಂತಿ ತೆಳುವಾಗಿದ್ದರೆ ಒಂದರ ಜೊತೆ ಇನ್ನೊಂದೂ ಇಣುಕುತ್ತದೆ, ಎರಡೂ ಬಾಯಲ್ಲಿ ಅಡ್ಡ ಸಿಕ್ಕಿಕೊಳ್ಳುತ್ತವೆ. ನಿಮಗೆ ಆಗಿರುವುದು ಬಹುಶಃ ಇದೇ. ತಂತಿ ದಪ್ಪವಾಗಿದ್ದರೆ ಪಿನ್ನು ಸಂದಿಗೇ ಬರುವುದಿಲ್ಲ. ಆಗ ಕೈ ಬಲವಾಗಿ ಒತ್ತುತ್ತದೆ, ಹದಗೊಳಿಸಿದ ಉಕ್ಕಿನ ಅಲಗು ಮೂಲೆಯಲ್ಲಿ ಚಕ್ಕೆ ಏಳುತ್ತದೆ. ನೂರು ವರ್ಷ ಹಳೆಯ ಯಂತ್ರದ ಅಲಗಿಗೆ ಬಿಡಿಭಾಗ ಎಲ್ಲಿಂದ ತರುತ್ತೀರಿ? ಆದ್ದರಿಂದ ಅಲಗಿನ ದಪ್ಪ, ಹಳಿಯ ಅಗಲ, ಮೂತಿಯ ಸಂದು ಇಷ್ಟನ್ನೂ ಬರೆದಿಟ್ಟುಕೊಂಡ ಮೇಲೆಯೇ ಪಿನ್ನಿನ ಯೋಚನೆ ಮಾಡಿ.

ಪರೀಕ್ಷೆಗೆ ಪೂರ್ತಿ ಪಟ್ಟಿ ಹಾಕಬೇಡಿ. ಐದಾರು ಪಿನ್ನುಗಳ ತುಂಡು ಮುರಿದು ಹಾಕಿ, ನಾಲ್ಕು ಹಾಳೆ ಕಾಗದ ಇಟ್ಟು, ಹೊಡೆಯದೆ ನಿಧಾನವಾಗಿ ಒತ್ತಿ. ಹೊರಬಂದ ಪಿನ್ನನ್ನು ತಿರುಗಿಸಿ ನೋಡಿದರೆ ಯಂತ್ರದ ಆರೋಗ್ಯವೆಲ್ಲ ಅದರಲ್ಲೇ ಇರುತ್ತದೆ. ನೆತ್ತಿ ನಡುವೆ ತಗ್ಗಿ ಇಂಗ್ಲಿಷಿನ ಎಂ ಅಕ್ಷರದಂತಾಗಿದ್ದರೆ ತಂತಿ ಆ ಯಂತ್ರಕ್ಕೆ ಮೆತ್ತಗಾಯಿತು, ಇಲ್ಲವೇ ಅಲಗಿನ ಅಂಚು ಸವೆದಿದೆ. ಒಂದು ಕಾಲು ಮಡಚಿ ಇನ್ನೊಂದು ನೆಟ್ಟಗೆ ನಿಂತಿದ್ದರೆ ಬುಡದ ತಟ್ಟೆ ಸರಿದಿದೆ. ಹಳೆಯವುಗಳಲ್ಲಿ ಆ ತಟ್ಟೆ ತಿರುಗುತ್ತದೆ: ಒಂದು ಬದಿಯಲ್ಲಿ ಕಾಲು ಒಳಕ್ಕೆ ಮಡಚುತ್ತದೆ, ಇನ್ನೊಂದು ಬದಿಯಲ್ಲಿ ಹೊರಕ್ಕೆ, ಗುಂಡುಸೂಜಿಯಂತೆ ಸುಲಭವಾಗಿ ಕಿತ್ತು ತೆಗೆಯಲು. ಎಷ್ಟೋ ಜನ ಆ ಎರಡನೆಯ ಬದಿಯನ್ನು ಕಂಡು ಯಂತ್ರ ಕೆಟ್ಟಿದೆ ಎಂದುಕೊಂಡು ಅಗ್ಗಕ್ಕೆ ಮಾರಿದ್ದಾರೆ. ಕೊಳ್ಳುವವರಿಗೆ ಒಳ್ಳೆಯದೇ ಆಯಿತು.

ಈಗ ನಿಮ್ಮ ಪೆಟ್ಟಿಗೆಗೆ ಬರೋಣ.

ಸ್ವಿಂಗ್‌ಲೈನ್ ಎರಡಿವೆ ಎಂದಿರಿ, ಯಾವ ಮಾದರಿ ಎಂದು ಹೇಳಲಿಲ್ಲ. ಒಂದು ಉದ್ದದ್ದು, ಒಂದು ಪುಟ್ಟದ್ದು ಎಂದುಕೊಂಡೇ ಮೇಲಿನ ಲೆಕ್ಕ ಹೇಳಿದೆ. ಉದ್ದದ್ದಾಗಿ, ಮೇಲಿನ ಮುಚ್ಚಳ ಹಿಂದಕ್ಕೆ ತೆರೆದು ಪಟ್ಟಿಯನ್ನು ಹಾಗೆಯೇ ಇಳಿಬಿಡುವ ಮಾದರಿಯಾಗಿದ್ದರೆ ಚಿಂತೆಯಿಲ್ಲ. ಮಾಮೂಲಿ ಪಿನ್ನೇ ಸಾಕು. ಅದೇ ಕಂಪನಿ ಎಸ್‌ಎಫ್1, ಎಸ್‌ಎಫ್4 ಎಂದು ಈಗಲೂ ಮಾರುತ್ತದೆ. ಹಳೆಯ ಯಂತ್ರಕ್ಕೆ ನಾನು ಹೇಳುವುದು ಎಸ್‌ಎಫ್4. ಅದರ ಕಾಲಿನ ತುದಿ ಉಳಿಯಂತೆ ಹರಿತ, ಸೋತ ಸ್ಪ್ರಿಂಗಿಗೂ ಕಾಗದ ದಾಟುತ್ತದೆ. ಜ್ಯಾಕ್ ಲಿನ್ಸ್ಕಿ ಎಂಬವರು 1925ರಲ್ಲಿ ನ್ಯೂಯಾರ್ಕಿನಲ್ಲಿ ಪ್ಯಾರಟ್ ಸ್ಪೀಡ್ ಫಾಸ್ಟನರ್ ಎಂಬ ಹೆಸರಿನಲ್ಲಿ ಶುರುಮಾಡಿದ ಕಂಪನಿ ಇದು. ಮುಂದೆ ಸ್ಪೀಡ್ ಪ್ರಾಡಕ್ಟ್ಸ್ ಆಯಿತು, 1956ರಲ್ಲಿ ಸ್ವಿಂಗ್‌ಲೈನ್ ಆಯಿತು. ನಿಮ್ಮದರ ಬುಡದಲ್ಲಿ ಸ್ಪೀಡ್ ಪ್ರಾಡಕ್ಟ್ಸ್ ಎಂದಿದ್ದರೆ ಅದು ಆ ನಡುಗಾಲದ್ದು. ಮೇಲಿನಿಂದ ಪಟ್ಟಿ ಹಾಕುವ ವ್ಯವಸ್ಥೆಯೇ ಅವರನ್ನು ಗೆಲ್ಲಿಸಿತು. ಅದಕ್ಕೆ ಮೊದಲು ಪಿನ್ನು ತುಂಬುವುದೆಂದರೆ ಸ್ಕ್ರೂಡ್ರೈವರ್ ಹುಡುಕುವ ಕೆಲಸ. ಆ ಪಿನ್ನಿನ ದುಡ್ಡಿನಿಂದ ಲಿನ್ಸ್ಕಿ ದಂಪತಿ ಕೊಂಡ ಕಲಾಕೃತಿಗಳು 1982ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ದಾನವಾಗಿ ಹೋದವು. ಹಡ್ಸನ್ ನದಿ ದಾಟಿದರೆ ನೀವೇ ನೋಡಿ ಬರಬಹುದು.

ನಿಮ್ಮ ಸ್ವಿಂಗ್‌ಲೈನ್ ಅಂಗೈಯೊಳಗೆ ಅಡಗುವ ಟಾಟ್ 50 ಮಾದರಿಯಾಗಿದ್ದರೆ ಮಾತ್ರ ಅಂಗಡಿಯ ಮಾಮೂಲಿ ಪಿನ್ನು ಹಿಡಿಯುವುದಿಲ್ಲ. ಅದಕ್ಕೆ ಅದರದೇ ಸಣ್ಣ ಪಿನ್ನು. ಶಾಲೆಯ ಮಕ್ಕಳ ಚೀಲಕ್ಕೆಲ್ಲ ಸೇರಿದ್ದ ಯಂತ್ರ ಅದು. ಆದ್ದರಿಂದ ಬಳಸದೆ ಉಳಿದ ಅದರ ಪಿನ್ನಿನ ಡಬ್ಬಿಗಳು ಆನ್‌ಲೈನ್ ಮಾರಾಟದಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಹುಡುಕುವಾಗ ಟಾಟ್ ಎಂಬ ಹೆಸರನ್ನೇ ಕೊಡಿ, ಪುಟ್ಟ ಪಿನ್ನು ಎಂದು ಹುಡುಕಿದರೆ ಇನ್ನೇನೇನೋ ಬಂದು ರಾಶಿ ಬೀಳುತ್ತದೆ.

ಬಾಸ್ಟಿಚ್ ಬಿ8 ಗಟ್ಟಿ ಪಿಂಡ. ಅದರ ಬೆನ್ನಿನ ತುದಿಯಲ್ಲಿ ಹೊರಚಾಚಿದ ನಾಲಿಗೆಯಂಥ ತಗಡು ಇದ್ದರೆ ಅದು ಬಿ8ಆರ್, ಪಿನ್ನು ಕೀಳುವ ಸಾಧನ ಜೊತೆಗೇ ಇರುವಂಥದ್ದು. ಜನ ಪದೇ ಪದೇ ಎಡವುವುದು ಇಲ್ಲೇ. ಬಿ8ರ ನೆತ್ತಿ ಸುಮಾರು 11 ಮಿಲಿಮೀಟರ್, ಅಂದರೆ ಮಾಮೂಲಿಗಿಂತ ಕಿರಿದು. ಮಾಮೂಲಿ ಪಿನ್ನು ಇದರ ಹಳಿಯ ಮೇಲೆ ಸಡಿಲವಾಗಿ ಕೂತಂತೆ ಕಂಡು ಮೋಸ ಮಾಡುತ್ತದೆ, ಮೂತಿಯಲ್ಲಿ ಹೋಗಿ ನಿಲ್ಲುತ್ತದೆ. ಇದಕ್ಕೆ ಬೇಕಾದದ್ದು ಬಿ8 ಎಂದೇ ಮುದ್ರಿಸಿರುವ ಪಿನ್ನು, ಅಥವಾ ಎಸ್‌ಟಿಸಿಆರ್2115 ಎಂಬ ಸಂಖ್ಯೆಯದು. ಕಾಲು ಇಂಚಿನದು ಕಾಗದಕ್ಕೆ, ಉದ್ದ ಕಾಲಿನದು ಕಾಗದದ ದಪ್ಪ ಕಂತೆಗೆ. ಬಾಸ್ಟಿಚ್ ಇದನ್ನು ಇಂದಿಗೂ ತಯಾರಿಸುತ್ತದೆ, ನಿಮ್ಮ ಊರಿನ ದೊಡ್ಡ ಕಚೇರಿ ಸಾಮಗ್ರಿ ಅಂಗಡಿಯಲ್ಲೇ ಇದ್ದೀತು. ಹಳೆಯ ಡಬ್ಬಿಗೆ ದುಬಾರಿ ಬೆಲೆ ಕೊಡುವ ಅಗತ್ಯವೇ ಇಲ್ಲ.

ಏಸ್ ಕ್ಲಿಪ್ಪರ್ 702 ಶಿಕಾಗೋದ ಏಸ್ ಫಾಸ್ಟನರ್ ಕಂಪನಿಯದು. ಇದರ ಪಿನ್ನಿನ ನೆತ್ತಿ ನೇರವಿಲ್ಲ, ಅಲೆಅಲೆಯಾಗಿದೆ. ಅಲೆಗೆ ತಕ್ಕ ಹಾಗೆಯೇ ಅಲಗನ್ನೂ ಹಳಿಯನ್ನೂ ರೂಪಿಸಿದ್ದಾರೆ. ಹಾಗಾಗಿ ನೇರ ನೆತ್ತಿಯ ಪಿನ್ನನ್ನು ತುರುಕುವ ಆಸೆ ಬೇಡ. ಡ್ರೈಕ್ಲೀನಿಂಗ್ ಅಂಗಡಿಯವರು ಬಟ್ಟೆಗೆ ಚೀಟಿ ಹಚ್ಚಲು ಇದನ್ನು ಬಿಟ್ಟಿಲ್ಲ, ಅದೇ ಪುಣ್ಯ. ಏಸ್ ಅಲೆ ಪಿನ್ನು ಈಗಲೂ ಹೊಸದಾಗಿ ಬರುತ್ತದೆ, 5000ದ ಡಬ್ಬಿಗಳಲ್ಲಿ. ಕಚೇರಿ ಸಾಮಗ್ರಿ ಅಂಗಡಿಯಲ್ಲಿ ಇಲ್ಲ ಎಂದರೆ ಡ್ರೈಕ್ಲೀನಿಂಗ್ ಸಾಮಗ್ರಿ ಮಾರುವವರನ್ನು ಕೇಳಿ.

ಬೆಂಗಳೂರಿನ ಪುಟ್ಟದು ನಂ. 10 ಜಾತಿಯದ್ದಿರಬೇಕು. ಜಪಾನಿನ ಮ್ಯಾಕ್ಸ್ ಕಂಪನಿ 1950ರ ದಶಕದಲ್ಲಿ ತಂದ ಅಳತೆ ಅದು. ನೆತ್ತಿ 9 ಮಿಲಿಮೀಟರಿಗೆ ಸಮೀಪ, ಕಾಲು 5 ಮಿಲಿಮೀಟರ್, ತಂತಿ ಅರ್ಧ ಮಿಲಿಮೀಟರ್. ಲುಧಿಯಾನದ ಕ್ಯಾಂಗರೊ ಮೊದಲಾದವರು ಅದನ್ನು ಭಾರತದ ಮೇಜು ಮೇಜಿಗೂ ತಲುಪಿಸಿದರು. ಅಳತೆ ಇವತ್ತಿಗೂ ಬದಲಾಗಿಲ್ಲ. ಡಬ್ಬಿಯ ಮೇಲೆ 10-1ಎಂ ಎಂದಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಅಮೆರಿಕದ ಅಂಗಡಿಗಳ ಕಪಾಟಿನಲ್ಲಿ ಇದು ಅಪರೂಪ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಆದರೆ ಊರಿನಿಂದ ಯಾರಾದರೂ ಬರುವವರಿದ್ದರೆ ಅವೆನ್ಯೂ ರಸ್ತೆಯಲ್ಲೋ ಸುಲ್ತಾನಪೇಟೆಯಲ್ಲೋ ಒಂದಿಷ್ಟು ಡಬ್ಬಿ ಕೊಂಡು ತರಲು ಹೇಳಿ, ಜೀವಮಾನಕ್ಕೆ ಸಾಕಾಗುತ್ತದೆ. ಆ ಪುಟ್ಟ ಯಂತ್ರದ ಬುಡದಲ್ಲಿ ರೆಕ್ಸೆಲ್ ಬ್ಯಾಂಬಿ ಎಂದಿದ್ದರೆ ಮಾತ್ರ ಲೆಕ್ಕ ಬೇರೆ. ಅದು ಇಂಗ್ಲೆಂಡಿನದು, ಅದಕ್ಕೆ ರೆಕ್ಸೆಲ್ ನಂ. 25 ಬೇಕು. ರೆಕ್ಸೆಲ್‌ನವರಿಗೆ ತಮ್ಮದೇ ಸಂಖ್ಯೆಗಳ ಮೋಹ: ಅವರ ನಂ. 56 ಎಂದರೆ 26/6, ನಂ. 16 ಎಂದರೆ 24/6. ಹಳೆಯ ಬ್ರಿಟಿಷ್ ಸ್ಟೇಪ್ಲರ್ ಕೈಗೆ ಬಂದಾಗ ಇದಿಷ್ಟು ನೆನಪಿದ್ದರೆ ಅಂಗಡಿಯವನ ಜೊತೆ ವಾದ ತಪ್ಪುತ್ತದೆ.

ಬೇಟ್ಸ್ ಮಾಡೆಲ್ ಬಿ ನಿಮ್ಮ ರಾಜ್ಯದ್ದೇ ಕೂಸು, ನ್ಯೂಜೆರ್ಸಿಯ ಆರೆಂಜ್ ಊರಿನದು. ಕೋರ್ಟು ಕಾಗದಗಳ ಮೇಲೆ ಕ್ರಮಸಂಖ್ಯೆ ಒತ್ತುವ ಯಂತ್ರದಿಂದ ಹೆಸರು ಮಾಡಿದ ಬೇಟ್ಸ್ ಇದೇ. ನಿಮ್ಮ ಸಂಗ್ರಹದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಯಂತ್ರವೂ ಇದೇ. ಇದಕ್ಕೆ ಪಿನ್ನೆಂಬುದೇ ಇಲ್ಲ. ಒಳಗೆ ಹಿತ್ತಾಳೆ ತಂತಿಯ ಒಂದು ಸುರುಳಿ ಕೂತಿರುತ್ತದೆ. ಒಂದು ಸಲ ಒತ್ತಿದರೆ ಯಂತ್ರ ಬೇಕಾದಷ್ಟು ತಂತಿ ಎಳೆದು, ಕತ್ತರಿಸಿ, ಬಗ್ಗಿಸಿ, ಕಾಗದಕ್ಕೆ ಚುಚ್ಚಿ, ಕಾಲು ಮಡಚಿಬಿಡುತ್ತದೆ. ಒಂದು ಸುರುಳಿಗೆ 5000 ಹೊಲಿಗೆ ಎಂದು ಜಾಹೀರಾತು ಕೊಡುತ್ತಿದ್ದರು. ಬೇಟ್ಸ್‌ನ ಮೂಲ ಸುರುಳಿ ಸಿಕ್ಕರೆ ಸಂತೋಷ. ಸಿಗದಿದ್ದರೆ ಒಳಗೆ ಉಳಿದಿರುವ ತಂತಿಯ ತುಂಡನ್ನು ಅಳೆದು, ಅಷ್ಟೇ ದಪ್ಪದ ಹಿತ್ತಾಳೆ ತಂತಿಯನ್ನು ಒಡವೆ ಮಾಡುವವರ ಸಾಮಗ್ರಿ ಅಂಗಡಿಯಲ್ಲಿ ಕೊಂಡು, ಹಳೆಯ ಸುರುಳಿಯ ಉರುಳೆಗೆ ಬಿಗಿಯಾಗಿ ಸುತ್ತಿ. ಕೊಳ್ಳುವಾಗ ಅರೆಗಡಸು ತಂತಿ ಎಂದು ಕೇಳಬೇಕು. ಪೂರ್ತಿ ಮೆತ್ತಗಿನ ತಂತಿ ಯಂತ್ರದೊಳಗೇ ಸೊಟ್ಟಗಾಗಿ ಮುದ್ದೆಯಾಗುತ್ತದೆ, ಪೂರ್ತಿ ಗಡಸಾದದ್ದು ಕತ್ತರಿಯ ಅಂಚನ್ನು ತಿನ್ನುತ್ತದೆ. ಸುತ್ತುವಾಗ ಒಂದು ಕಡೆ ತಿರುಚಿಕೊಂಡರೂ ಆ ಜಾಗ ಬಂದಾಗ ಯಂತ್ರ ನಿಲ್ಲುತ್ತದೆ. ಒಳಗೆ ತಂತಿಯೇ ಉಳಿದಿಲ್ಲವೆಂದರೆ ತಂತಿ ಹಾಯುವ ರಂಧ್ರವನ್ನು ಅಳೆಯಬೇಕು, ತೆಳು ತಂತಿಯಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು.

ಕಡೆಗೆ ಹಾಚ್‌ಕಿಸ್. ಕನೆಕ್ಟಿಕಟ್ ರಾಜ್ಯದ ನಾರ್ವಾಕ್‌ನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹುಟ್ಟಿದ ಯಂತ್ರ ಇದು. ಇದರ ಪಿನ್ನುಗಳು ಇಂದಿನಂತೆ ಅಂಟಿನಿಂದ ಕೂಡಿದವಲ್ಲ. ಒಂದೇ ಲೋಹದ ಪಟ್ಟಿಯಲ್ಲಿ ಸಾಲಾಗಿ ಒತ್ತಿ ತೆಗೆದವು, ಒಂದರಿಂದ ಒಂದಕ್ಕೆ ಲೋಹದ್ದೇ ಎಳೆ. ಅಲಗು ಪ್ರತಿ ಸಲ ಆ ಎಳೆಯನ್ನು ಕಡಿದು ಪಿನ್ನನ್ನು ಇಳಿಸಬೇಕು. ಅದಕ್ಕೇ ಈ ಯಂತ್ರದ ತಲೆಯ ಮೇಲೆ ಅಂಗೈಯಿಂದ ಗುದ್ದಬೇಕಿತ್ತು, ಮರದ ಸುತ್ತಿಗೆ ಹಿಡಿದ ಗುಮಾಸ್ತರೂ ಇದ್ದರಂತೆ. ನಿಮ್ಮದರ ತಲೆಯ ನಿಕ್ಕಲ್ ಲೇಪ ತಗ್ಗಾಗಿದ್ದರೆ ಸೋದರಮಾವನನ್ನು ಬೈಯಬೇಡಿ, ಅದು ಅವರಿಗೂ ಹಿಂದಿನವರ ಕೆಲಸ. ಇಂದಿನ ಪಟ್ಟಿ ಇದಕ್ಕೆ ಬದಲಿಯಲ್ಲ. ಮೂಲ ಪಟ್ಟಿಗಳ ಡಬ್ಬಿ ಅಪರೂಪಕ್ಕೆ ಹರಾಜಿಗೆ ಬರುತ್ತದೆ, ಡಬ್ಬಿಗೇ ಸಂಗ್ರಾಹಕರು ಮುಗಿಬೀಳುವುದರಿಂದ ಬೆಲೆ ಯಂತ್ರದ ಬೆಲೆಗೆ ಹೆಗಲೆಣೆಯಾಗುವುದೂ ಉಂಟು. ಸಿಕ್ಕರೆ ಒಂದು ಪಟ್ಟಿಯನ್ನು ಯಂತ್ರದಲ್ಲಿ ತೋರಿಕೆಗೆ ಕೂರಿಸಿ, ಉಳಿದದ್ದನ್ನು ಮುಟ್ಟದೆ ಇಡಿ ಎನ್ನುವುದು ನನ್ನ ಅಭಿಪ್ರಾಯ. ಅದನ್ನು ಕೆಲಸಕ್ಕೆ ಬಳಸುತ್ತೇನೆ ಎನ್ನುವ ಹಟವಾದಿಗಳನ್ನು ಕಂಡಿದ್ದೇನೆ, ಅವರ ಡಬ್ಬಿಗಳು ಬೇಗ ಬರಿದಾಗುತ್ತವೆ.

ಹುಡುಕುವ ಜಾಗಗಳ ಮಾತು. ಆನ್‌ಲೈನ್ ಮಾರಾಟದ ಇಬೇ ಮತ್ತು ಎಟ್ಸಿ ತಾಣಗಳನ್ನು ಹೇಗೂ ನೋಡುತ್ತೀರಿ. ಆದರೆ ಅಲ್ಲಿ ಸ್ಟೇಪ್ಲರ್ ಎಂದು ಮಾತ್ರ ಹುಡುಕಿದರೆ ಅರ್ಧ ಮಾಲು ಕಣ್ಣಿಗೆ ಬೀಳುವುದಿಲ್ಲ. ಹಳೆಯ ಡಬ್ಬಿಗಳ ಮೇಲೆ ಅಚ್ಚಾಗಿರುವುದು ಪೇಪರ್ ಫಾಸ್ಟನರ್ ಎಂದು, ಮಾರುವವರು ಡಬ್ಬಿಯ ಮೇಲಿದ್ದದ್ದನ್ನೇ ನಕಲು ಮಾಡುತ್ತಾರೆ. ಡಬ್ಬಿಯ ಸಂಖ್ಯೆ ಗೊತ್ತಿದ್ದರೆ ಅದನ್ನೂ ಸೇರಿಸಿ. ಅದಕ್ಕಿಂತ ಒಳ್ಳೆಯ ಬೇಟೆ ಮನೆ ಖಾಲಿ ಮಾಡುವ ಎಸ್ಟೇಟ್ ಸೇಲ್‌ಗಳದು. ಅಲ್ಲಿ ಮೇಜನ್ನು ಬಿಟ್ಟು ಮೇಜಿನ ಡ್ರಾಯರನ್ನು ನೋಡಿ. ನಿವೃತ್ತ ವಕೀಲರು, ಲೆಕ್ಕಿಗರು ಅರ್ಧ ಬಳಸಿದ ಪಿನ್ನಿನ ಡಬ್ಬಿಯನ್ನು ಎಂದೂ ಎಸೆದವರಲ್ಲ. ಮ್ಯಾಸಚೂಸೆಟ್ಸ್‌ನ ಬ್ರಿಮ್‌ಫೀಲ್ಡ್‌ನಲ್ಲಿ ಮೇ, ಜುಲೈ, ಸೆಪ್ಟೆಂಬರ್ ತಿಂಗಳುಗಳಲ್ಲಿ ಹಳೆಯ ವಸ್ತುಗಳ ದೊಡ್ಡ ಸಂತೆ ಸೇರುತ್ತದೆ. ಬಾಸ್ಟಿಚ್, ಹಾಚ್‌ಕಿಸ್ ಎಲ್ಲವೂ ಆ ಸೀಮೆಯ ಸುತ್ತಮುತ್ತಲಿನವೇ ಆದ್ದರಿಂದ ಅಲ್ಲಿಗೆ ಹೋದರೆ ಬರಿಗೈಯಲ್ಲಿ ಬರುವುದು ಕಡಿಮೆ.

ಯಾವುದೋ ಯಂತ್ರದ ಗುರುತೇ ಹತ್ತದಿದ್ದರೆ ಬುಡ ತಿರುಗಿಸಿ ನೋಡಿ, ಪೇಟೆಂಟ್ ಸಂಖ್ಯೆಯೋ ತಾರೀಖೋ ಇರುತ್ತದೆ. ಅಮೆರಿಕದ ಹಳೆಯ ಪೇಟೆಂಟುಗಳೆಲ್ಲ ಚಿತ್ರ ಸಮೇತ ಉಚಿತವಾಗಿ ಓದಲು ಸಿಗುತ್ತವೆ. ಆ ಚಿತ್ರದಲ್ಲಿ ಪಿನ್ನಿನ ಆಕಾರವೂ ಪಟ್ಟಿ ಕೂರುವ ಬಗೆಯೂ ಇದ್ದೇ ಇರುತ್ತದೆ. ಮಾರಾಟಗಾರನ ವಿವರಣೆಗಿಂತ ನೂರು ಪಾಲು ನಂಬಬಹುದು.

ಹಳೆಯ ಡಬ್ಬಿ ಕೊಳ್ಳುವ ಮೊದಲು ಮುಚ್ಚಳ ತೆರೆದ ಫೋಟೊ ಕೇಳಿ. ಅಂಟು ಮುದಿಯಾದರೆ ಪುಡಿಯಾಗುತ್ತದೆ, ಪಟ್ಟಿ ಎತ್ತಿದ ಕೂಡಲೇ ಉದುರುತ್ತದೆ. ಉದುರಿದ ಪಿನ್ನು ನಿರುಪಯೋಗಿಯಲ್ಲ. ಹಳಿಯ ಅಗಲದ ಒಂದು ಮರದ ಪಟ್ಟಿಯ ಮೇಲೆ ಸಾಲಾಗಿ ಕೂರಿಸಿ, ನೆತ್ತಿಯ ಮೇಲೆ ಬಣ್ಣವಿಲ್ಲದ ಉಗುರು ಬಣ್ಣವನ್ನು ಒಂದೇ ತೆಳು ಎಳೆಯಾಗಿ ಎಳೆದು ಒಣಗಲು ಬಿಟ್ಟರೆ ಮತ್ತೆ ಪಟ್ಟಿಯಾಗುತ್ತದೆ. ದಪ್ಪವಾಗಿ ಬಳಿದರೆ ಅಲಗು ಸೀಳಲಾರದು. ಕೆಂಪು ತುಕ್ಕು ಕಂಡರೆ ಮಾತ್ರ ಆ ಡಬ್ಬಿಯನ್ನು ತೋರಿಕೆಗೆ ಇಟ್ಟುಕೊಳ್ಳಿ, ಯಂತ್ರಕ್ಕೆ ಹಾಕಬೇಡಿ. ತುಕ್ಕಿನ ಪುಡಿ ಹಳಿಯನ್ನು ಉಜ್ಜಿ ಸವೆಸುತ್ತದೆ. ಮನೆಯ ಬೆಲೆಬಾಳುವ ಕಾಗದಪತ್ರಗಳಿಗೂ ಹಳೆಯ ಉಕ್ಕಿನ ಪಿನ್ನು ಹೊಡೆಯಬೇಡಿ, ಕಲೆ ಕೂತರೆ ಹೋಗುವುದಿಲ್ಲ.

ಯಂತ್ರಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ, ಅಷ್ಟೇ. ಸಿಕ್ಕಿಕೊಂಡ ಪಿನ್ನನ್ನು ಹಿತ್ತಾಳೆ ಕಡ್ಡಿಯಿಂದ ತೆಗೆಯಿರಿ, ಉಕ್ಕಿನ ಮೊಳೆಯಿಂದ ಬೇಡ. ನಿಕ್ಕಲ್ ಲೇಪಕ್ಕೆ ಉಪ್ಪುಕಾಗದ ತಾಕಿಸಿದರೆ ಬೆಲೆಯೂ ಹೋಯಿತು, ಅಂದವೂ ಹೋಯಿತು.

ಸಂತೆಯಲ್ಲಿ ಅಲೆಯುವಾಗ ಎರಡು ಯಂತ್ರಗಳು ಎದುರಾದಾವು, ಅವನ್ನು ಪಿನ್ನಿಲ್ಲ ಎಂಬ ಕಾರಣಕ್ಕೆ ಬಿಟ್ಟು ಬರಬೇಡಿ. ಮೊದಲನೆಯದು 1879ರಲ್ಲಿ ಪೇಟೆಂಟ್ ಆದ ಮೆಕ್‌ಗಿಲ್ ಸಿಂಗಲ್ ಸ್ಟ್ರೋಕ್. ಒಂದು ಕಿಲೋಗಿಂತ ಹೆಚ್ಚು ತೂಗುವ ಈ ಯಂತ್ರಕ್ಕೆ ಒಂದು ಸಲಕ್ಕೆ ಒಂದೇ ಪಿನ್ನು ಇಡಬೇಕು. ಹಾಗಿರುವುದರಿಂದಲೇ ಹಿತ್ತಾಳೆ ತಂತಿಯನ್ನು ಅಳತೆಯ ಲೋಹದ ತುಂಡಿನ ಮೇಲೆ ಬಗ್ಗಿಸಿ ನೀವೇ ಪಿನ್ನು ಮಾಡಿಕೊಳ್ಳಬಹುದು. ಎರಡನೆಯದು ವಿಸ್ಕಾನ್ಸಿನ್‌ನ ಲಾ ಕ್ರಾಸ್ ಊರಿನ ಬಂಪ್ ಕಂಪನಿಯದು. ಅದು ಕಾಗದದಲ್ಲೇ ಒಂದು ನಾಲಿಗೆ ಕತ್ತರಿಸಿ, ಪಕ್ಕದ ಸೀಳಿಗೆ ತೂರಿಸಿ ಹಾಳೆಗಳನ್ನು ಹಿಡಿದಿಡುತ್ತದೆ. ಅದಕ್ಕೆ ತುಂಬಬೇಕಾದದ್ದು ಏನೂ ಇಲ್ಲ. ಕೊಳ್ಳುವಾಗ ಅಲಗು ಹರಿತವಿದೆಯೇ ಎಂದು ಜೇಬಿನ ಚೀಟಿಯೊಂದನ್ನು ಇಟ್ಟು ಒತ್ತಿ ನೋಡಿದರೆ ಆಯಿತು.